ತಂಬೂರಿಗೆ ಜ್ಯಾಕ್ ಕೂರಿಸಿದ ಸುದ್ದಿ

ಮಸ್ಕಿ
ಮಂಗಳವಾರ, 19-11-2024

ದೀಪಿಕಾಳ ಅಪ್ಪಾಜಿಯವರಿಗೆ ಅಮರೇಶ್ವರಿಯ ಶರಣು.

ಗಂಟಲು ಹೇಗಿದೆ, ಮೊದಲು ಅದನ್ನು ಹೇಳಿ. ಹೇಳಿ ಅಂದೆ ನೋಡಿ, ಡಾಕ್ಟರು ಮಾತಾಡಲೇಬೇಡ ಅಂದವರಿಗೆ ಹೇಳಿ ಅನ್ನುವ ಹೆಂಡತಿ ಈ ಜಿಲ್ಲೆಗೆ ನಾನೊಬ್ಬಳೇ ಇರಬೇಕು. ಹೋಗಲಿ, ತಲೆ ಆಡಿಸಿ ಸಾಕು, ಶಿವಕಾಂತ ನೋಡಿ ನನಗೆ ಫೋನಿನಲ್ಲಿ ತಿಳಿಸುತ್ತಾನೆ. ಗಂಜಿ ಇಳಿಯುತ್ತಿದೆಯೇ? ಕೆಮ್ಮಿದಾಗ ಇನ್ನೂ ಕೆಂಪು ಬೀಳುತ್ತದೆಯೇ? ಹುಬ್ಬಳ್ಳಿಯ ಚಳಿ ನಮ್ಮ ಕಡೆಯವರ ಮೈಗೆ ಒಗ್ಗುವುದಿಲ್ಲ, ಉಣ್ಣೆಯ ಮಫ್ಲರು ಚೀಲದ ತಳದಲ್ಲಿದೆ, ನಾನೇ ಇಟ್ಟು ಬಂದಿದ್ದೇನೆ, ನಾಚಿಕೆ ಬಿಟ್ಟು ಸುತ್ತಿಕೊಳ್ಳಿ. ಶಿವಕಾಂತನನ್ನು ಕೇಳಿದರೆ ಎಲ್ಲದಕ್ಕೂ "ಅರಾಮ ಅದಾರ ತಗೋ ಅಕ್ಕಾ" ಅನ್ನುತ್ತಾನೆ. ಅವನು ನನ್ನ ತಮ್ಮ, ಹುಟ್ಟಿದಾಗಿನಿಂದ ಬಲ್ಲೆ. ಬಣವೆಗೆ ಬೆಂಕಿ ಬಿದ್ದಾಗಲೂ ಅರಾಮ ಅಂದವನು. ಆದರೂ ದವಾಖಾನೆಯಲ್ಲಿ ನಿಮ್ಮ ಕಾಲಬುಡದಲ್ಲಿ ಚಾಪೆ ಹಾಕಿಕೊಂಡು ಬಿದ್ದಿರುವವನು ಅವನೇ, ಅವನ ಮೇಲೆ ಕಣ್ಣು ಕೆಂಪು ಮಾಡಬೇಡಿ.

ಫೋನು ಇರುವಾಗ ಕಾಗದ ಯಾಕೆ ಅಂತ ನಿಮ್ಮ ಹುಬ್ಬು ಮೇಲೇರಿದ್ದು ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನು ಮಾಡಿದರೆ ನಾನು ಅಳುತ್ತೇನೆ, ನಾನು ಅತ್ತರೆ ನೀವು ಸಮಾಧಾನ ಹೇಳಲು ಹೋಗುತ್ತೀರಿ, ನೀವು ಬಾಯಿ ತೆರೆದರೆ ನರ್ಸಮ್ಮ ಫೋನು ಕಸಿದುಕೊಳ್ಳುತ್ತಾಳೆ. ಕಾಗದಕ್ಕೆ ಎದುರುತ್ತರ ಕೊಡಲು ಬರುವುದಿಲ್ಲ, ಅದೊಂದು ಅನುಕೂಲ. ಮದುವೆಯಾದಾಗಿನಿಂದ ನಾನು ಪೂರ್ತಿ ಮಾತಾಡಿ ಮುಗಿಸುವುದು ಇದೇ ಮೊದಲ ಸಲ ಇರಬೇಕು. ನಾನೇ ಬಂದು ನಿಮ್ಮ ಪಕ್ಕ ಕೂರಬೇಕಿತ್ತು, ಆದರೆ ದೀಪಿಕಾ ಹಸಿ ಬಾಣಂತಿ, ಬಿಟ್ಟು ರಾತ್ರಿ ಹೊರಗೆ ಉಳಿಯುವ ಹಾಗಿಲ್ಲ. ಕೂಸು ಚೆನ್ನಾಗಿದೆ. ಹೆಣ್ಣು ಕೂಸು ಕಪ್ಪಗಿದೆ ಅಂತ ಯಾರೋ ಅಂದರು, ಹೌದು, ನಮ್ಮ ಯಜಮಾನರ ಮೊಮ್ಮಗಳು ಬಿಳಿ ಹೇಗಾದೀತು ಅಂದೆ. ಅಳಲು ಶುರುಮಾಡಿದರೆ ಪೀಠಿಕೆಯೇ ಇಲ್ಲ, ನೇರ ಮೇಲಿನ ಸ್ಥಾಯಿಗೆ ಹೋಗಿ ಕೂರುತ್ತದೆ. ಅದು ಯಾರ ಬಳುವಳಿ ಅಂತ ನಾನು ಹೇಳಬೇಕಿಲ್ಲ. ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನು ನೀವು ಬರುವವರೆಗೆ ಮುಂದೆ ಹಾಕಿದ್ದೇವೆ. ಸದ್ಯಕ್ಕೆ ಓಣಿಯ ಮಂದಿ ಅದನ್ನು ಚಿನ್ನಿ ಅಂತ ಕರೆಯುತ್ತಿದ್ದಾರೆ.

ಆಪರೇಷನ್ನಿನ ಮಾತು ಈ ಕಾಗದದಲ್ಲಿ ಎತ್ತುವುದಿಲ್ಲ. ವಾರ್ಡಿನಲ್ಲಿ ನಿಮ್ಮ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟು ಬಂದಿದ್ದೇನೆ, ಒತ್ತಾಯ ಮಾಡುವುದಿಲ್ಲ ಅಂತ. ದನಿಯ ಪೆಟ್ಟಿಗೆಯನ್ನು ಪೂರ್ತಿ ತೆಗೆದರೆ ಜೀವ ಉಳಿಯುತ್ತದೆ, ತೆಗೆಯದಿದ್ದರೆ ಗಡ್ಡೆ ಹಬ್ಬುತ್ತದೆ ಅಂತ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ನೀವು ಅರ್ಧ ಗಳಿಗೆಯೂ ಯೋಚಿಸಲಿಲ್ಲ. ಆ ಒಡಕು ಪಿಸುದನಿಯಲ್ಲಿ "ಹಾಡದ ಯಮನೂರಪ್ಪನ್ನ ತಗೊಂಡು ಯಾರೇನ್ ಮಾಡ್ತಾರ್ರಿ? ಇದು ಇದ್ದಷ್ಟು ದಿನ ಇರಲಿ, ನಾನೂ ಅಷ್ಟ ದಿನ ಇರ್ತೀನಿ" ಅಂದಿರಿ. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಆ ಹೊತ್ತಿನಲ್ಲಿ ನನ್ನೊಳಗೆ ಏನಾಯಿತು ಅಂತ ಬರೆದರೆ ಕೊಟ್ಟ ಮಾತು ತಪ್ಪಿದ ಹಾಗಾಗುತ್ತದೆ, ಅದಕ್ಕೆ ಬರೆಯುವುದಿಲ್ಲ. ನಾನು ಬರೆಯಬೇಕೆಂದು ಕೂತಿರುವುದು ಬರೀ ತಂಬೂರಿಯ ಸುದ್ದಿ.

ಅವತ್ತು ಡಾಕ್ಟರು ಹೋದ ಮೇಲೆ, ದನಿ ಹೋದರೂ ಕೈ ಇರುತ್ತದಲ್ಲ, ತಂಬೂರಿ ಹಿಡಿದು ಕೂತರಾಯಿತು, ಹಾಡುವುದನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಮೆಲ್ಲಗೆ ಅಂದಿದ್ದೆ. ಅದಕ್ಕೆ ನೀವು ನಕ್ಕಿರಿ. "ತಂಬೂರಿ ಯಾರಿಗ ಕೇಳಸ್ತದ ಹುಚ್ಚಿ? ನನ್ನ ಮೈಕಿನ್ಯಾಗ ನನ್ನ ದನಿ ಬೆನ್ನ ಹತ್ತಿ ಹೋಗ್ತಿತ್ತು, ಅಷ್ಟ. ನಾನ ಇಲ್ಲಂದ್ರ ಅದೂ ಮೂಕ" ಅಂದಿರಿ. ಮಾತು ಸುಳ್ಳಲ್ಲ. ನೀವು ತಂಬೂರಿಯನ್ನು ಎದೆಗೆ ಒರಗಿಸಿಕೊಂಡು ಬಗ್ಗಿ ಹಾಡುತ್ತಿದ್ದಿರಿ, ಒಂದೇ ಮೈಕು ಎರಡನ್ನೂ ಹಿಡಿಯುತ್ತಿತ್ತು. ನೀವು ಹಾಡದೆ ಕೂತರೆ ಹಾರ್ಮೋನಿಯಂ, ಡೋಲಕು, ತಾಳದ ಗದ್ದಲದಲ್ಲಿ ತಂಬೂರಿ ಇದೆಯೋ ಇಲ್ಲವೋ ಶಿವನಿಗೇ ಗೊತ್ತು. ಅದರ ಮುಂದೆ ಬೇರೆ ಮೈಕು ಇಟ್ಟರೆ ಡೋಲಕಿನ ಸದ್ದೆಲ್ಲ ಅದರೊಳಗೇ ನುಗ್ಗುತ್ತದೆ. ಆ ಮಾತು ನನ್ನ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತಿತು. ಊರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಹಿಂದೊಮ್ಮೆ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ ನಾವು ಹಾಡಿದಾಗ ಅಲ್ಲಿಯ ಮಂದಿ ತಮ್ಮ ಕೀರ್ತನೆಯ ವಾದ್ಯಕ್ಕೆ ವೈರು ಸಿಕ್ಕಿಸಿ ಬಾಕ್ಸಿನಲ್ಲಿ ಕೇಳಿಸಿದ್ದರಲ್ಲ, ಅದು ನೆನಪಾಯಿತು. ಮೂಕ ಅನ್ನುತ್ತಾರಾ, ಬಾಯಿ ಕೊಡಿಸಿ ತೋರಿಸುತ್ತೇನೆ ಅಂತ ಹಟ ಹುಟ್ಟಿತು. ನನ್ನ ಹಟ ನಿಮಗೆ ಹೊಸದಲ್ಲ.

ಊರಿಗೆ ಬಂದ ಮೇಲೆ ದೀಪಿಕಾಳಿಗೆ ನೀರು ಹಾಕಿ, ಕೂಸಿಗೆ ಹೊಗೆ ಹಾಕಿ, ತಂಬೂರಿಯನ್ನು ನಿಮ್ಮ ಬಿಳಿ ಧೋತರದಲ್ಲಿ ಸುತ್ತಿ ಎತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಬೇರೆ ಬಟ್ಟೆಯ ಮೇಲೆ ಮನಸ್ಸು ಬರಲಿಲ್ಲ. ಕಿಟಕಿಯ ಪಕ್ಕ ಅದನ್ನು ಕೂರಿಸಿ, ಬೀಳದ ಹಾಗೆ ತೋಳು ಬಳಸಿ ಕೂತಿದ್ದೆ. ಕಂಡಕ್ಟರು ಬಂದು ನನ್ನ ಆಧಾರ್ ಕಾರ್ಡು ನೋಡಿದ, ಧೋತರ ನೋಡಿದ, "ನಿಮಗ ಫ್ರೀ ಅದ ಅಕ್ಕಾರ, ಯಜಮಾನ್ರಿಗೆ ಟಿಕೆಟ್ ತಗೋಬೇಕ್ರಿ" ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು, ಪಾಪ ಆ ಹುಡುಗ ಗಾಬರಿಯಾಗಿ ಮುಂದೆ ಹೋದ. ಸಿಂಧನೂರಿನಲ್ಲಿ ನಮ್ಮ ಮೈಕ್ ಸೆಟ್ಟಿನ ಹುಸೇನ್‌ಸಾಬ್ ನಿಮ್ಮ ವಿಚಾರ ಕೇಳಿ ತಂಬೂರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಎಲ್ಲಿಂದಲೋ ಎಂಟಾಣೆಯಷ್ಟು ಅಗಲದ ತೆಳ್ಳನೆಯ ಬಿಲ್ಲೆಯೊಂದನ್ನು ತೆಗೆದರು. ಅದನ್ನು ತಂತಿಗಳು ಹಾಯುವ ಕುದುರೆಯ ಪಕ್ಕ ಹಲಗೆಗೆ ಅಂಟಿಸಿದರೆ ತಂತಿಯ ನಡುಕವನ್ನು ಅದೇ ಹಿಡಿದುಕೊಳ್ಳುತ್ತದಂತೆ, ಮೈಕೇ ಬೇಡವಂತೆ. ಬಿಲ್ಲೆಯಿಂದ ಕೂದಲೆಳೆಯಂಥ ವೈರು, ಅದರ ತುದಿಗೆ ಆಂಪ್ಲಿಫಯರಿನ ದಪ್ಪ ವೈರು ಸಿಕ್ಕಿಸುವ ಲೋಹದ ಗುಬ್ಬಿ. ಆ ಗುಬ್ಬಿಗೆ ಜ್ಯಾಕ್ ಅನ್ನುತ್ತಾರೆ. ಬಿಲ್ಲೆಯನ್ನು ಹಲಗೆಗೆ, ಜ್ಯಾಕನ್ನು ಸೋರೆಬುರುಡೆಗೆ ಗಮ್ಮು ಹಚ್ಚಿ ಕೂರಿಸಿ, ಒಣಗಿದ ಮೇಲೆ ನನ್ನ ಕೈಗೆ ಕೊಟ್ಟು ಮೀಟು ಅಂದರು. ಮೀಟಿದೆ. ಅಂಗಡಿಯ ಬಾಕ್ಸಿನಿಂದ ನಮ್ಮ ತಂಬೂರಿ ಕೇಳಿತು. ರಸ್ತೆಯಲ್ಲಿ ಹೋಗುವವರು ನಿಂತರು. ಮನೆಯ ಮೂಲೆಯಲ್ಲಿ ನಾವಿಬ್ಬರೇ ಕೇಳುತ್ತಿದ್ದ ಸದ್ದು ಸಿಂಧನೂರಿನ ಬಜಾರಿಗೆಲ್ಲ ಕೇಳಿತು. ಹುಸೇನ್‌ಸಾಬ್ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡರು, ಅವರೂ ನಿಮ್ಮ ಪದಕ್ಕೆ ಎಷ್ಟು ವರ್ಷ ಮೈಕು ಕಟ್ಟಿದವರು.

ಆದರೆ ಕುಣಿಯಲು ಹೋಗಿ ಎಡವಿದ ಹಾಗಾಯಿತು. ಮರುದಿನ ನಮ್ಮ ಗುಡಿಯ ಕಟ್ಟೆಯ ಮೇಲೆ ನಿಮ್ಮ ಶಿಷ್ಯ ಶಿವರಾಜನನ್ನೂ ಡೋಲಕಿನವನನ್ನೂ ಕೂರಿಸಿಕೊಂಡು ಒಂದು ಪದ ಎತ್ತಿದ್ದೆನಷ್ಟೇ, ಎರಡನೆಯ ನುಡಿಗೆ ಬರುವಷ್ಟರಲ್ಲಿ ಬಾಕ್ಸಿನಲ್ಲಿ ಢಬ್ ಅಂತ ಸಿಡಿಲು ಬಡಿದ ಸದ್ದು. ನೋಡಿದರೆ ಜ್ಯಾಕು ಬುರುಡೆ ಬಿಟ್ಟು ವೈರಿಗೆ ಜೋತು ಬಿದ್ದಿದೆ. ಇನ್ನೊಮ್ಮೆ ಬೇರೆ ಗಮ್ಮು ತರಿಸಿ ಹಚ್ಚಿದೆವು, ಅದೂ ಒಣಗಿದ ಹಕ್ಕಳೆಯ ಹಾಗೆ ಕಳಚಿಕೊಂಡಿತು. ಶಿವರಾಜ ಗಮ್ಮು ಮಾಡಿದ ಕಂಪನಿಯವರ ಏಳು ತಲೆಮಾರನ್ನು ಬೈದ. ನಾನು ಬುರುಡೆಯ ಮೇಲೆ ಬೆರಳಾಡಿಸಿ ನೋಡಿದೆ, ನನ್ನ ಬೆರಳು ಮಿರಮಿರ ಮಿಂಚಿತು. ಗುರುಗಳು ನಿಮ್ಮ ಕೈಗೆ ಕೊಟ್ಟಾಗಿನಿಂದ ಒಂದು ಸೋಮವಾರವೂ ಬಿಡದೆ ನಾನೇ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿದವಳು. ಅಷ್ಟು ವರ್ಷದ ಎಣ್ಣೆ ಕುಡಿದ ಬುರುಡೆಗೆ ಯಾವ ಗಮ್ಮು ಹಿಡಿದೀತು? ಭಕ್ತಿ ಹೆಚ್ಚಾದರೆ ಹೀಗೂ ಆಗುತ್ತದೆ ನೋಡಿ. ಮರಳು ಕಾಗದ ಹಚ್ಚಿ ಮೈ ಕೆರೆದರೆ ಹಿಡಿಯಬಹುದು ಅಂದರು ಯಾರೋ. ನಿಮ್ಮ ಗುರುವಿನ ತಂಬೂರಿಯ ಮೈ ಕೆರೆಯಲು ನನಗೆ ಕೈ ಬರಲಿಲ್ಲ. ಅವತ್ತು ಬುರುಡೆ ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ, ಮಗಳಿಗೆ ಕಾಣದ ಹಾಗೆ ಹಿತ್ತಲಿನಲ್ಲಿ ಕೂತು.

ಲಿಂಗಸುಗೂರಿನಲ್ಲಿ ಇಂಥ ರಿಪೇರಿ ಮಾಡುವವನೊಬ್ಬ ಇದ್ದಾನೆ ಅಂತ ಕೇಳಿ ಅಲ್ಲಿಗೂ ಹೋದೆ. ಚುರುಕು ಮನುಷ್ಯ, ಬಾಯಿ ಇನ್ನೂ ಚುರುಕು. ತಂಬೂರಿಯನ್ನು ಕಲ್ಲಂಗಡಿ ಹಣ್ಣಿನ ಹಾಗೆ ಬಡಿದು ನೋಡಿದ. "ಗಮ್ಮು ಗಿಮ್ಮು ನಿಲ್ಲಂಗಿಲ್ರಿ. ಬುರುಡಿಗೆ ಒಂದ ತೂತು, ಒಳಗಿಂದ ಜ್ಯಾಕ್ ಹಾಕಿ ಹೊರಗ ನಟ್ ಬಿಗಿದ್ರ ಮುಗೀತು. ಎರಡ ನಿಮಿಷದ ಕೆಲಸ" ಅಂದವನೇ ಡ್ರಿಲ್ ಮಷೀನಿನ ಪಿನ್ನು ಪ್ಲಗ್ಗಿಗೆ ಸಿಕ್ಕಿಸಿದ. ಅದು ಗುರ್ ಅಂದದ್ದೇ ತಡ, ನನಗೆ ಹುಬ್ಬಳ್ಳಿಯ ಡಾಕ್ಟರು ತಮ್ಮ ಕೊರಳ ಗುಣಿಗೆ ಬೆರಳಿಟ್ಟು "ಆಪರೇಷನ್ ಆದ ಮೇಲೆ ಉಸಿರಾಟಕ್ಕೆ ಇಲ್ಲೊಂದು ತೂತು ಇರುತ್ತದೆ" ಅಂತ ತೋರಿಸಿದ್ದು ಕಣ್ಣೆದುರು ಬಂತು. ತಂಬೂರಿಯನ್ನು ಅವನ ಮೇಜಿನಿಂದ ಕಸಿದು ಎದೆಗೆ ಅವುಚಿಕೊಂಡು, "ಬ್ಯಾಡಪ್ಪಾ, ಬ್ಯಾಡ, ಒಬ್ಬರಿಗಾದ್ರೂ ತೂತು ಬ್ಯಾಡ" ಅಂದೆ. ಅವನಿಗೆ ಏನು ತಿಳಿಯಬೇಕು, ತಲೆ ಕೆಟ್ಟವಳು ಅಂದುಕೊಂಡಿರಬೇಕು. ಒಣಗಿದ ಸೋರೆಬುರುಡೆ ಅದು, ತೂತು ಬಿದ್ದರೆ ಇವತ್ತಲ್ಲ ನಾಳೆ ಸೀಳುತ್ತದೆ ಅನ್ನುವುದೂ ನಿಜವೇ. ಆದರೆ ನಾನು ಎದ್ದು ಬಂದದ್ದು ಆ ಲೆಕ್ಕಾಚಾರದಿಂದಲ್ಲ.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ತಂಬೂರಿಯನ್ನು ತೊಡೆಯ ಮೇಲೆ ತಲೆಕೆಳಗು ಮಾಡಿ ಇಟ್ಟುಕೊಂಡು ಕೂತಿದ್ದೆ. ಬುಡದಲ್ಲಿ ನಾಲ್ಕೂ ತಂತಿಯ ಕೊನೆ ಕಟ್ಟಿರುವ ಗೂಟ ಇದೆಯಲ್ಲ, ಅದು ಕಣ್ಣಿಗೆ ಬಿತ್ತು. ಎಷ್ಟು ಬಾರಿ ಎಣ್ಣೆ ಹಚ್ಚಿದ್ದೇನೆ, ಒಮ್ಮೆಯೂ ಅದರ ಬಗ್ಗೆ ಯೋಚಿಸಿರಲಿಲ್ಲ. ನಾಲ್ಕು ತಂತಿಯ ಎಳೆತವನ್ನು ಹಗಲೂ ಇರುಳೂ ತಡೆದುಕೊಂಡು ಕೂತಿರುವುದು ಆ ಗೂಟ. ಒಂದು ವೈರಿನ ಎಳೆತ ಅದಕ್ಕೆ ಯಾವ ಲೆಕ್ಕ? ಅಲ್ಲಿಂದಲೇ ಸಿಂಧನೂರಿನ ಬಸ್ಸು ಹತ್ತಿದೆ. ಹುಸೇನ್‌ಸಾಬ್ ಗೂಟ ನೋಡಿ, ನನ್ನನ್ನು ನೋಡಿ, "ಅರೇ ಅಕ್ಕಾ, ಇದು ನನ್ನ ತಲಿಗೆ ಯಾಕ ಹೊಳೀಲಿಲ್ಲ?" ಅಂದರು. ಹಳೆಯ ಮೈಕ್ ಸ್ಟ್ಯಾಂಡಿನ ಪಟ್ಟಿಯೊಂದನ್ನು ಕತ್ತರಿಸಿ, ಮೊಳಕೈಯ ಹಾಗೆ ಬಾಗಿಸಿ, ಒಂದು ತುದಿಯನ್ನು ಗೂಟಕ್ಕೆ ತೊಡಿಸಿ ತಂತಿಯ ಗಂಟಿನ ಕೆಳಗೆ ಬಿಗಿದರು, ಇನ್ನೊಂದು ತುದಿಯ ತೂತಿನಲ್ಲಿ ಜ್ಯಾಕು ಕೂರಿಸಿ ನಟ್ಟು ತಿರುಗಿಸಿದರು. ಮೊದಲ ಸಲ ಮೀಟಿದಾಗ ಪಟ್ಟಿ ಬುರುಡೆಗೆ ತಾಗಿ ಜುಂಯ್ ಅಂತ ಜೀರುಂಡೆ ಹೊಕ್ಕ ಹಾಗೆ ಸದ್ದು ಬಂತು. ನಡುವೆ ಸೈಕಲ್ ಟ್ಯೂಬಿನ ತುಂಡು ಇಟ್ಟ ಮೇಲೆ ಅದು ನಿಂತಿತು. ಬಿಲ್ಲೆಗೆ ಗಮ್ಮು ಬಿಟ್ಟು ಜೇನುಮೇಣ ಒತ್ತಿದರು, ಎಣ್ಣೆಗೂ ಮೇಣಕ್ಕೂ ಜಗಳವಿಲ್ಲ. ದಪ್ಪ ವೈರನ್ನು ತಂಬೂರಿಯ ಹೆಗಲ ಪಟ್ಟಿಯಲ್ಲಿ ಒಂದು ಸುತ್ತು ಸುತ್ತಿ ತಂದರು, ಯಾರಾದರೂ ಎಡವಿದರೆ ಪೆಟ್ಟು ಹೆಗಲ ಪಟ್ಟಿಗೆ ಬೀಳಲಿ, ಜ್ಯಾಕಿಗೆ ಬೀಳದಿರಲಿ ಅಂತ. ಆಮೇಲೆ ವೈರು ಹಿಡಿದು ಜಗ್ಗಿದರು. ತಂಬೂರಿ ನನ್ನ ಸಮೇತ ಮುಂದಕ್ಕೆ ಬಂತು, ಜ್ಯಾಕು ಕದಲಲಿಲ್ಲ. ನಿಮ್ಮ ಗುರುವಿನ ತಂಬೂರಿಗೆ ಒಂದು ಗೀರೂ ಬಿದ್ದಿಲ್ಲ. ಬೇಡವೆಂದರೆ ಬಿಚ್ಚಿದರಾಯಿತು, ಏನೂ ಆಗಿಲ್ಲವೆಂಬಂತೆ ಇರುತ್ತದೆ.

ನಿನ್ನೆ ಕಾರ್ತಿಕದ ಸೋಮವಾರ, ಬಳಗಾನೂರಿನ ಭಜನೆಗೆ ವೀಳ್ಯ ನೀವಿದ್ದಾಗಲೇ ಹಿಡಿದಿದ್ದು. ತಪ್ಪಿಸಬಾರದು ಅಂತ ಹೋದೆವು. ಭತ್ತದ ಕೊಯ್ಲು ನಡೆದಿದೆ, ಮೆಷೀನಿನ ದೂಳು ಊರಿನ ಮೇಲೆಲ್ಲ ಕವಿದಿತ್ತು, ನನ್ನ ಉಬ್ಬಸಕ್ಕೆ ಅಷ್ಟು ಸಾಕು. ಮುಂದಿನ ಮೈಕಿಗೆ ನಾನು ಕೂತೆ. ಇಷ್ಟು ವರ್ಷ ನಿಮ್ಮ ಎಡಗಡೆ ಕೂತು ತಾಳ ಹಾಕುತ್ತ ಹಿಂದಿನಿಂದ ದನಿ ಕೂಡಿಸಿದವಳು ನಡುವೆ ಕೂತಾಗ ಆ ಜಾಗ ಎಷ್ಟು ಅಗಲವಿದೆ ಅನ್ನಿಸಿತು. ತಂಬೂರಿಯನ್ನು ಶಿವರಾಜನ ಕೈಗೆ ಕೊಟ್ಟೆ, ನಿಮ್ಮ ಶಿಷ್ಯ, ಬೇರೆಯವರ ಕೈಗಲ್ಲ. ಮೊದಲ ಮೀಟಿಗೇ ಮಂದಿ ಹೌಹಾರಿ ಬಾಕ್ಸಿನ ಕಡೆ ನೋಡಿದರು. ಎಂದಿನಂತೆ ಮುಂದಿನ ಸಾಲಿನ ಹುಸೇನಮ್ಮ ಮುದುಕಿ ತಂಬೂರಿಗೆ ಹಣೆ ಹಚ್ಚಲು ಎದ್ದು ಬಂದಳು. ಅಲ್ಲಿ ವೈರು ಇದೆ ಅಂತ ಅವಳಿಗೇನು ಗೊತ್ತು, ಕಾಲಿಗೆ ಸಿಕ್ಕಿಸಿಕೊಂಡು ಮುಗ್ಗರಿಸಿದಳು. ಮುದುಕಿಯನ್ನು ಡೋಲಕಿನವ ಹಿಡಿದುಕೊಂಡ. ಜ್ಯಾಕು ಗೂಟ ಬಿಡಲಿಲ್ಲ, ವೈರಿನ ಆ ಕಡೆಯ ಪಿನ್ನು ಆಂಪ್ಲಿಫಯರಿನಿಂದ ಕಳಚಿತು, ಅಷ್ಟೇ. ಹುಸೇನ್‌ಸಾಬ್ ಅದನ್ನು ಮತ್ತೆ ಸಿಕ್ಕಿಸಿದರು. ಹುಸೇನಮ್ಮ ತಂಬೂರಿಗೆ ಹಣೆ ಹಚ್ಚಿ ಎದ್ದವಳು, "ಯಮನೂರಪ್ಪ ಎಲ್ಲದಾನಬೇ? ಇದೊಂದ ಬಂದೈತಲ್ಲ?" ಅಂದಳು. ದವಾಖಾನ್ಯಾಗ ಅದಾರ ಅಂದೆ. "ಬರ್ತಾನಿಲ್ಲೋ?" ಅಂದಳು. ನಾನು ತಾಳ ಹಾಕು ಅಂತ ಡೋಲಕಿನವನಿಗೆ ಸನ್ನೆ ಮಾಡಿದೆ.

ಪದ ಶುರುವಾಯಿತು. ಮೊದಲ ನುಡಿ ಹೇಗೋ ದಾಟಿದೆ. ಎರಡನೆಯ ನುಡಿಯ ಉದ್ದದ ಸಾಲು ಮುಗಿದಾಗ ನನ್ನ ಉಸಿರು ತಳ ಕಂಡಿತ್ತು, ಆದರೆ ತಂತಿ ನಿಲ್ಲಲಿಲ್ಲ, ಮುಂದಿನ ಸಾಲಿಗೆ ಹೊರಟೇ ಬಿಟ್ಟಿತು, ಡೋಲಕು ಅದರ ಹಿಂದೆ ಹೋಯಿತು. ಹಾಡಲು ಬಾಯಿ ತೆರೆದೆ, ಗಾಳಿಯೇ ಇಲ್ಲ. ಅಷ್ಟು ಮಂದಿಯ ಎದುರು ಮೈಕಿನ ಮುಂದೆ ಬರೀ ಉಬ್ಬಸದ ಸದ್ದು. ಬೈಯಬೇಡಿ, ಶಿವರಾಜ ತಪ್ಪೇನೂ ಮೀಟಲಿಲ್ಲ, ನೀವು ಕಲಿಸಿದ ಹಾಗೇ ಮೀಟಿದ. ನಾನೇ ಅವನಿಗೆ ಅಂದೆ, ಸಾಲು ಮುಗಿದ ಮೇಲೆ ಒಂದು ಸುತ್ತು ಸುಮ್ಮನೆ ಮೀಟಬೇಕಲ್ಲೋ, ಗುರುಗಳು ಹಾಗೇ ಮಾಡುತ್ತಿದ್ದರಲ್ಲ ಅಂತ. ಅವನು ತಲೆ ತಗ್ಗಿಸಿ ಹೇಳಿದ, "ಗುರುಗಳು ಯಾವಾಗ್ಲೂ ಹಾಂಗ ನಿಲ್ತಿದ್ದಿಲ್ರಿ ಅವ್ವಾರ. ನೀವು ಬಾಜೂಕ ಕುಂತಾಗಷ್ಟ. ನೀವು ಬರದಿದ್ದ ಊರಾಗ ಒಂದ ದಮ್ಮಿಗೆ ಹಾಡಿ ಬಿಡ್ತಿದ್ರು." ಆ ಒಂದು ಸುತ್ತು ನಿಮ್ಮ ಬಾಣಿ, ನೀವು ಹಾಡುವ ರೀತಿಯೇ ಹಾಗೆ ಅಂದುಕೊಂಡಿದ್ದೆ. ಸೀಮೆಯ ಮಂದಿಯೆಲ್ಲ ಅದನ್ನು ನಿಮ್ಮ ಬಾಣಿ ಅಂತಲೇ ಹೊಗಳುತ್ತಿದ್ದರು. ದೀಪಿಕಾ ಹುಟ್ಟಿದ ವರ್ಷ ನನಗೆ ಉಬ್ಬಸ ಗಂಟುಬಿತ್ತು, ಅವತ್ತಿನಿಂದ ನೀವು ನನ್ನ ಉಸಿರು ನೋಡಿಕೊಂಡು ತಂತಿ ಮೀಟುತ್ತಿದ್ದಿರಿ, ಮತ್ತು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಬಾಯಿಬಡುಕ ಅಂತ ನಿಮ್ಮನ್ನು ಊರೆಲ್ಲ ಕರೆಯುತ್ತದೆ, ಇದೊಂದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ? ನಿನ್ನೆ ಪದ ಅಲ್ಲಿಗೇ ನಿಲ್ಲಿಸಿದೆ. ಮಂಗಳಾರತಿಯನ್ನು ಶಿವರಾಜ ಹೇಳಿದ. ನಾನು ಹಾಡಲಿಲ್ಲ.

ಇಲ್ಲಿಯವರೆಗೆ ತಂಬೂರಿಯ ಸುದ್ದಿ. ಇನ್ನು ನನ್ನ ಸುದ್ದಿ ಒಂದಿಷ್ಟು. ನನಗೆ ನಿಮ್ಮ ಮೇಲೆ ಬಹಳ ಸಿಟ್ಟಿದೆ. ಹುಬ್ಬಳ್ಳಿಯಿಂದ ಬಂದಾಗಿನಿಂದ ಇದೆ, ಒಲೆಯ ಮುಂದೆ ಕೂತರೂ ಇದೆ, ಕೂಸಿಗೆ ಲಾಲಿ ಹೇಳುವಾಗಲೂ ಇದೆ. ಹಾಡದ ಯಮನೂರಪ್ಪನನ್ನು ತೆಗೆದುಕೊಂಡು ಯಾರು ಏನು ಮಾಡುತ್ತಾರೆ ಅಂತ ಡಾಕ್ಟರನ್ನು ಕೇಳಿದಿರಲ್ಲ, ಪಕ್ಕದಲ್ಲಿ ಕೂತ ನನ್ನನ್ನು ಯಾಕೆ ಕೇಳಲಿಲ್ಲ? ನಿಮ್ಮ ದನಿ ಹೋದರೆ ನನಗೆ ದುಃಖವಿಲ್ಲ ಅಂತ ಸುಳ್ಳು ಬರೆಯುವುದಿಲ್ಲ. ಆ ದನಿ ಕೇಳಿಯೇ ನಮ್ಮಪ್ಪ ನನ್ನನ್ನು ನಿಮಗೆ ಕೊಟ್ಟದ್ದು, ಆ ದನಿ ಕೇಳಿಯೇ ನಾನು ಬೇಡ ಅನ್ನದೆ ಬಂದದ್ದು. ಚಿನ್ನಿಗೆ ಅದು ನೇರ ಕೇಳಲು ಸಿಗುವುದಿಲ್ಲ, ಫೋನಿನಲ್ಲಿ ತುಂಬಿಸಿಟ್ಟದ್ದನ್ನೇ ಕೇಳಿಸಬೇಕು. ಅಳುವುದು ಬಹಳ ಇದೆ, ಅದನ್ನು ಇಬ್ಬರೂ ಕೂತು ಅಳಬೇಕು ಅಂತ ನನ್ನ ಆಸೆ. ಒಬ್ಬಳೇ ಅಳಲು ನನಗೆ ಅಷ್ಟು ಉಸಿರಿಲ್ಲ.

ದೀಪಿಕಾ ನಮಸ್ಕಾರ ತಿಳಿಸಿದ್ದಾಳೆ. ಕೂಸಿನ ಕಾಲನ್ನು ಈ ಕಾಗದದ ಮೂಲೆಗೆ ಒತ್ತಿಸಿದ್ದೇನೆ, ಅರಿಸಿನದ ಗುರುತು ಅದು, ಒರೆಸಬೇಡಿ. ಹುಸೇನ್‌ಸಾಬ್ ಸಲಾಂ ಹೇಳಿದ್ದಾರೆ. ಶಿವಕಾಂತನಿಗೆ ಹೊತ್ತು ಹೊತ್ತಿಗೆ ಉಣ್ಣಲು ಹೇಳಿ, ಅಂದರೆ ಸನ್ನೆ ಮಾಡಿ. ಗುರುವಿನ ಕೃಪೆ ನಿಮ್ಮ ತಲೆಯ ಮೇಲಿರಲಿ.

ನಿಮ್ಮ ಎಡಗಡೆ ಕೂರುವವಳು,
ಅಮರೇಶ್ವರಿ

ತಾ.ಕ.: ಕಾಗದ ಮಡಿಸುತ್ತಿದ್ದೆ, ಶಿವಕಾಂತನ ಫೋನು ಬಂತು. ಇವತ್ತು ಅವನು ಅರಾಮ ಅನ್ನಲಿಲ್ಲ, ಅತ್ತ. ಆಪರೇಷನ್ನಿನ ಒಪ್ಪಿಗೆಯ ಸಹಿ ಕಾಗದವನ್ನು ಹಾಗೇ ವಾಪಸು ಕೊಟ್ಟಿರಂತೆ, ಬಟ್ಟೆಯ ಚೀಲ ಕಟ್ಟಿ ಮಂಚದ ಮೇಲಿಟ್ಟುಕೊಂಡು ನಾಳೆ ಊರಿಗೆ ಹೊರಟಿದ್ದೀರಂತೆ. ಇನ್ನು ತಡವಾದರೆ ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಅಂದಿದ್ದಾರಂತೆ ಡಾಕ್ಟರು. ಶಿವರಾಜ ಹುಬ್ಬಳ್ಳಿಯ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಇದನ್ನು ನಿಮ್ಮ ಕೈಗೇ ಕೊಡುತ್ತಾನೆ, ಓದುವವರೆಗೆ ಚೀಲ ಎತ್ತಲು ಬಿಡಬೇಡ ಅಂದಿದ್ದೇನೆ. ಮಾತು ಎತ್ತುವುದಿಲ್ಲ ಅಂದಿದ್ದೆ, ಎತ್ತುತ್ತಿದ್ದೇನೆ, ಪಾಪ ಬಂದರೆ ನನಗೆ ಬರಲಿ. ಸಹಿ ಮಾಡಿ. ಹೊಸ್ತಿಲಲ್ಲಿ ನಿಂತು "ಅಮರೀ" ಅಂತ ಕೂಗದಿದ್ದರೂ ಬಾಗಿಲು ತೆಗೆಯುತ್ತೇನೆ, ಬಡಿಯಿರಿ ಸಾಕು. ದನಿಯನ್ನು ಅಲ್ಲೇ ಬಿಟ್ಟು ನೀವು ಮನೆಗೆ ಬನ್ನಿ.